ಎರಡು ವರ್ಷದ ಗಾಡಿ

ನನ್ನ ಗಂಡ ಮೂವತ್ತಕ್ಕೂ ಹೆಚ್ಚು ವರ್ಷ ದಿನಾಲೂ ಗಾಡಿ ಓಡಿಸಿದರು, ಆದರೆ ಎಲ್ಲಿಗೂ ಹೋಗಲಿಲ್ಲ. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ, ಸೈನ್ಯಕ್ಕೆ ಹೋಗುವ ಭಾರಿ ವಾಹನಗಳನ್ನು ಓಡಿಸಿ ನೋಡುವುದು ಅವರ ಕೆಲಸವಾಗಿತ್ತು. ಕಾಂಪೌಂಡಿನ ಒಳಗೇ ಒಂದು ಸುತ್ತು ರಸ್ತೆ. ಅದರಲ್ಲಿ ಬೇಕೆಂದೇ ಮಾಡಿದ ಉಬ್ಬು, ತಗ್ಗು, ಒಂದು ನೀರಿನ ಹೊಂಡ, ಒಂದು ಕಡಿದಾದ ಏರು. ಬೆಳಿಗ್ಗೆ ಹತ್ತಿದರೆ ಊಟದವರೆಗೆ ಸುತ್ತು, ಊಟ ಮುಗಿಸಿ ಮತ್ತೆ ಸುತ್ತು. ಎಷ್ಟು ಸುತ್ತು ಹಾಕಿದರೂ ಇಳಿಯುವುದು ಹತ್ತಿದ ಶೆಡ್ಡಿನ ಮುಂದೆಯೇ. ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ ಚಂಪಾಪೇಟೆಯ ಮನೆಗೆ ಬಂದು ಕೈಕಾಲು ತೊಳೆದು ಕೂತರೆ, ಇಡೀ ದಿನ ಕುಲುಕಾಡಿದ ಮೈ ಇನ್ನೂ ಸ್ವಲ್ಪ ಹೊತ್ತು ಅಲುಗಾಡುತ್ತಿದೆ ಎನ್ನುತ್ತಿದ್ದರು.

ನಮ್ಮದೆನ್ನುವ ಕಾರಿರಲಿಲ್ಲ. ಒಂದು ಸ್ಕೂಟರಿತ್ತು. ಮಗಳ ಓದು, ಮನೆ, ಅವಳ ಮದುವೆ ಎಂದು ಕಾರು ಪ್ರತಿ ಸಲವೂ ಮುಂದಿನ ವರ್ಷಕ್ಕೆ ಸರಿಯುತ್ತಿತ್ತು. ನಮ್ಮೂರು ಬೀದರಿಗೆ ಹೋಗುವಾಗ ಬಸ್ಸಿನಲ್ಲಿ ಇವರು ಚಾಲಕನ ಹಿಂದಿನ ಸೀಟನ್ನೇ ಹುಡುಕಿ ಹಿಡಿಯುತ್ತಿದ್ದರು. ಸದಾಶಿವಪೇಟ ದಾಟಿ ರಸ್ತೆ ನೀಳವಾಗಿ ಬಿಚ್ಚಿಕೊಂಡಾಗ ಇವರ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಊಟಕ್ಕೆ ಕೂತಾಗ ಯಾವುದಾದರೂ ದೂರದ ದಾರಿಯ ಮಾತು ಬಂದರೆ ಕೈ ತುತ್ತು ಮರೆತು ತಾಟಿನ ಮೇಲೇ ನಿಂತುಬಿಡುತ್ತಿತ್ತು. ನಿವೃತ್ತಿಯಾದ ಮಾರನೆಯ ತಿಂಗಳು ಕಾರು ತೆಗೆದುಕೊಳ್ಳುವುದು ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಯಾವುದು, ಹೇಗೆ ಎಂಬುದಷ್ಟೇ ಬಾಕಿ.

ನಿವೃತ್ತಿಗೆ ಆರು ತಿಂಗಳಿರುವಾಗ, ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ಕಣ್ಣಿನದೇನೋ ಸರಿಯಿಲ್ಲವೆಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ಒಂದು ಕತ್ತಲೆ ಕೋಣೆಯಲ್ಲಿ ಯಂತ್ರದೊಳಗೆ ಮುಖವಿಟ್ಟು ಕೂರಿಸಿ, ಕೈಗೆ ಒಂದು ಗುಂಡಿ ಕೊಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒತ್ತಬೇಕು ಎಂದರು. ನಾನು ಪರದೆಯ ಹೊರಗೆ ಕುರ್ಚಿಯಲ್ಲಿದ್ದೆ. ಟಿಕ್, ಟಿಕ್ ಎಂದು ಗುಂಡಿಯ ಸದ್ದು ಬರುತ್ತಿತ್ತು. ಇವರಿಗಿಂತ ಮೊದಲು ಒಳಗೆ ಹೋಗಿದ್ದ ಮುದುಕಿಯ ಗುಂಡಿ ಮಳೆಹನಿಯ ಹಾಗೆ ಬಿಡದೆ ಸದ್ದು ಮಾಡಿತ್ತು. ಇವರದು ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾನು ಮುಂದಿನ ಟಿಕ್‌ಗೆ ಕಾಯುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಎಷ್ಟು ಚುಕ್ಕೆ ಹೊಳೆದು ಆರಿಹೋದವೋ.

ಗ್ಲಾಕೋಮಾ ಎಂದರು ಡಾಕ್ಟರು. ಅವರು ನಿಧಾನಸ್ಥ ಹೆಂಗಸು. ಕಾಗದದ ಮೇಲೆ ಎರಡು ವೃತ್ತ ಬರೆದು ಅಂಚಿನಿಂದ ಒಳಗೆ ಪೆನ್ಸಿಲಿನಲ್ಲಿ ಕಪ್ಪು ಬಳಿಯುತ್ತಾ ತಿಳಿಸಿ ಹೇಳಿದರು. ಎದುರಿನದು ಕಾಣುತ್ತದೆ, ಪಕ್ಕದ್ದು ಕಡಿಮೆಯಾಗುತ್ತಾ ಬರುತ್ತದೆ. ಹೋದದ್ದು ಮರಳುವುದಿಲ್ಲ, ಇರುವುದನ್ನು ಔಷಧದ ಹನಿ ಹಾಕಿ ಕಾಯಬಹುದು. ಇವರು ಕೇಳಿದ್ದು ಒಂದೇ ಪ್ರಶ್ನೆ, ಗಾಡಿ ಓಡಿಸಬಹುದೇ ಎಂದು. ಭಾರಿ ವಾಹನ ಈಗಲೇ ಬೇಡ. ಸಣ್ಣ ಕಾರು ಸದ್ಯಕ್ಕೆ ಆದೀತು, ಹಗಲು ಹೊತ್ತು ಮಾತ್ರ. ಆರು ತಿಂಗಳಿಗೊಮ್ಮೆ ಬಂದು ಪರೀಕ್ಷೆ ಮಾಡಿಸಬೇಕು, ತಾವು ಸಾಕು ಎಂದ ದಿನ ನಿಲ್ಲಿಸಿಬಿಡಬೇಕು ಎಂದರು. ಎಷ್ಟು ದಿನ ಎಂದು ಇವರು ಮತ್ತೆ ಕೇಳಿದಾಗ ಅವರು, ಹೇಳಲಾಗದು, ಎರಡು ವರ್ಷ ಸಿಕ್ಕರೆ ಒಳ್ಳೆಯದು ಎಂದರು.

ಕಾರ್ಖಾನೆಯಲ್ಲಿ ಇವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಮಗಳಿಗೆ, ಬೀದರಿನಲ್ಲಿ ತೊಗರಿ ವ್ಯಾಪಾರ ಮಾಡುವ ಮೈದುನನಿಗೆ, ಯಾರಿಗೂ ಹೇಳಬಾರದು ಎಂದು ಇವರು ನನ್ನಿಂದ ಮಾತು ತೆಗೆದುಕೊಂಡರು. "ಹೇಳಿದ್ರ ಎಲ್ಲಾರೂ ನನ್ನ ಮುಂದ ನಿಂತು ಬೆರಳು ತೋರಸಾಕತ್ತಾರ, ಎಷ್ಟದಾವು ಹೇಳು ಅಂತ" ಎಂದರು. ನಾನು ಒಪ್ಪಿಕೊಂಡೆ.

ಹೀಗಾಗಿ ಕಾರಿನ ಲೆಕ್ಕಾಚಾರಕ್ಕೆ ಎಲ್ಲರೂ ಕೂತ ದಿನ, ಅಲ್ಲಿ ಇದ್ದವರಲ್ಲಿ ನಿಜವಾದ ಲೆಕ್ಕ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅದೊಂದು ಭಾನುವಾರ. ಕೂಕಟಪಲ್ಲಿಯಿಂದ ಮಗಳು ಬಂದಿದ್ದಳು, ಮೈದುನ ಬೀದರಿನಿಂದ ಬಂದಿದ್ದ. ನಿವೃತ್ತಿಯ ಹಣ ಬ್ಯಾಂಕಿಗೆ ಬಂದಿತ್ತು. ನಾನು ಸಜ್ಜಿ ರೊಟ್ಟಿ ಬಡಿಯುತ್ತಾ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದೆ.

"ಅಪ್ಪಾ, ಕೈಯಾಗಿನ ರೊಕ್ಕ ಹಂಗs ಇರ್ಲಿ" ಎಂದಳು ಮಗಳು. "ಸಾಲ ನನ್ನ ಹೆಸರಿನಾಗ ತಗೋತೀನಿ. ಏಳು ವರ್ಷ ಕಂತು. ತಿಂಗಳಿಗೆ ತಿಳೀದಂಗ ಹೋಗ್ತೈತಿ."

ಮೈದುನನಿಗೆ ಸಾಲವೆಂದರೆ ಮೈಮೇಲೆ ಹಲ್ಲಿ ಬಿದ್ದಂತೆ. "ಬಡ್ಡಿ ಕಟ್ಟಾಕ ಯಾರರ ಗಾಡಿ ತಗೋತಾರೇನು? ಅಣ್ಣಾ, ಪೂರ್ತಿ ರೊಕ್ಕ ಎಣಿಸಿ ಮುಂದಿಡು, ಗಾಡಿ ಹೊರಗ ತೆಗಿ. ನಮ್ಮದು ಅನ್ನೂದು ಒಂದು ಇರಬೇಕು. ಹದಿನೈದು ವರ್ಷ ಓಡಸು, ಯಾರೂ ಕೇಳಂಗಿಲ್ಲ."

ಏಳು ವರ್ಷ, ಹದಿನೈದು ವರ್ಷ. ಹೆಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೂ ನಾನು ಹಾಗೇ ನಿಂತಿದ್ದೆ. ಇವರು ಹೊರಗೆ ಇಬ್ಬರಿಗೂ ಹೂಂ ಎಂದರು.

ಆ ವಾರ ನಾವಿಬ್ಬರೇ ಒಂದು ಕಾರಿನ ಅಂಗಡಿಗೆ ಹೋದೆವು. ಅಲ್ಲಿನ ಮಾರಾಟದ ಹುಡುಗಿ ತೆಲುಗು, ಹಿಂದಿ ಎರಡನ್ನೂ ಹೆಣೆದು ಲವಲವಿಕೆಯಿಂದ ಮಾತಾಡಿದಳು. ಕಂತಿನ ಕಾಗದ ತೋರಿಸಿದಳು, ಒಟ್ಟಿಗೆ ಕೊಟ್ಟರೆ ಎಷ್ಟು ಬಿಡುತ್ತಾರೆಂದು ಹೇಳಿದಳು. ಇವರು ಆ ಕಾಗದಗಳನ್ನು ಪಕ್ಕಕ್ಕೆ ಸರಿಸಿದ್ದನ್ನು ಕಂಡು, ಇನ್ನೊಂದು ದಾರಿಯೂ ಇದೆ ಸರ್ ಎಂದು ಮೂರನೆಯ ಕಾಗದ ತೆಗೆದಳು. ಲೀಸ್. ಹೊಸ ಕಾರನ್ನು ಎರಡು ವರ್ಷಕ್ಕೆ ಬಾಡಿಗೆಗೆ ಕೊಡುತ್ತಾರೆ. ತಿಂಗಳ ಬಾಡಿಗೆಯಲ್ಲೇ ವಿಮೆ, ಸರ್ವಿಸ್ ಎಲ್ಲ ಬಂತು. ವರ್ಷಕ್ಕೆ ಇಂತಿಷ್ಟು ಕಿಲೋಮೀಟರ್ ಎಂದು ಮಿತಿ. ಗಾಡಿಯ ನೋಂದಣಿ ಪುಸ್ತಕದಲ್ಲಿ ಹೆಸರು ಕಂಪನಿಯದು. ನಡುವೆ ಬಿಟ್ಟರೆ ದಂಡ. ಎರಡು ವರ್ಷವಾದ ಮೇಲೆ ಮರಳಿ ಕೊಡಬಹುದು, ಮುಂದುವರಿಸಬಹುದು, ಇಲ್ಲವೇ ಉಳಿದ ಬೆಲೆ ಕೊಟ್ಟು ಇಟ್ಟುಕೊಳ್ಳಬಹುದು.

ಎರಡು ವರ್ಷ ಎಂಬ ಮಾತು ಬಂದಾಗ ಇವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಗಲೇ ನನಗೆ ತಿಳಿಯಿತು.

ಮನೆಗೆ ಬಂದ ಮೇಲೆ ನಾನು ಜಗಳ ತೆಗೆದೆ. ನಮ್ಮ ಮದುವೆಯಾದ ಮೇಲೆ ನಾನಾಗಿ ತೆಗೆದ ಜಗಳಗಳು ಕಡಿಮೆ.

"ಪೂರಾ ರೊಕ್ಕ ಕೊಟ್ಟು ತಗೊಳ್ರಿ. ನಿಮ್ಮ ತಮ್ಮ ಹೇಳಿದ್ದು ಬರೋಬ್ಬರಿ ಐತಿ."

"ಅಂವಗ ಗೊತ್ತಿಲ್ಲ. ನಿನಗ ಗೊತ್ತೈತಿ."

"ಡಾಕ್ಟರ್ ಹೇಳಿದ್ದs ಆಗಬೇಕಂತೇನಿಲ್ಲ. ಹನಿ ಹಾಕಾಕತ್ತೀವಿ. ಹತ್ತು ವರ್ಷ ಕಣ್ಣು ಗಟ್ಟಿ ಇದ್ರ? ಆವಾಗ ಏನ್ಮಾಡ್ತೀರಿ?"

"ಇದ್ರ ಆವಾಗ ಮತ್ತೊಂದು ತಗೊಂಡ್ರಾತು."

"ಬಾಡಿಗಿ ಗಾಡಿ ಯಾಕ್ರಿ ನಮಗ?"

ಇವರು ಅಂಗಳದ ಕಡೆ ನೋಡುತ್ತಾ ಹೇಳಿದರು. "ನನಗ ಗಾಡಿ ಬ್ಯಾಡ. ನನಗ ಎರಡು ವರ್ಷ ಬೇಕು. ಸ್ವಂತದ್ದು ತಂದ್ರ, ನನ್ನ ಕೈಲೆ ಆಗಲಾರದಾಗಿಂದ ಅದು ಇಲ್ಲೇ ಬಾಗಲಾಗ ನಿಂತಿರತೈತಿ. ದಿನಾ ಅದನ್ನ ದಾಟಿ ಹೋಗಾಕ ನನಗ ಆಗಂಗಿಲ್ಲ."

ನಾನು ಸೋತೆ. ಆದರೆ ಒಳಗೊಳಗೆ ನನಗೆ ಬೇಕಾಗಿದ್ದದ್ದು ಬೇರೆಯೇ. ನಗದು ಕೊಟ್ಟು ಕಾರು ಕೊಂಡರೆ, ಅದು ಬಾಳಿಕೆ ಬರುವಷ್ಟು ಕಾಲ ಇವರ ಕಣ್ಣೂ ಬಾಳುತ್ತದೆ ಎಂದು ಯಾರಿಗೋ ಮುಂಗಡ ಕೊಟ್ಟಂತಾಗುತ್ತದೆ ಎಂಬ ಹುಚ್ಚು ನಂಬಿಕೆ. ಎರಡು ವರ್ಷದ ಕಾಗದಕ್ಕೆ ರುಜು ಹಾಕುವುದು ಎಂದರೆ ಆ ಡಾಕ್ಟರಿಗೆ ಹೌದು ಎಂದಂತೆ.

ಬಿಳಿ ಬಣ್ಣ ಬೇಕಿತ್ತು, ಸಿಕ್ಕದ್ದು ಬೂದು ಬಣ್ಣದ್ದು. ಮಗಳು ಬೇಸರಪಟ್ಟಳು. ಮೈದುನ ಫೋನಿನಲ್ಲೇ ನಕ್ಕ. "ವೈನಿ, ಬಾಡಿಗಿ ಗಾಡಿಗೆ ಪೂಜಿ ಮಾಡ್ತೀರೋ, ಕಂಪನಿಯವರs ಮಾಡಿ ಕೊಡ್ತಾರೋ?" ಎಂದ. ನಾವು ಹನುಮಂತನ ಗುಡಿಯ ಮುಂದೆ ಪೂಜೆ ಮಾಡಿಸಿದೆವು. ಪೂಜಾರಿ ಗಾಡಿ ಯಾರ ಹೆಸರಿನಲ್ಲಿದೆ ಎಂದು ಕೇಳಲಿಲ್ಲ. ನಾಲ್ಕು ಗಾಲಿಗೂ ನಿಂಬೆಹಣ್ಣಿಟ್ಟರು, ಇವರು ಮೆಲ್ಲಗೆ ಮುಂದೆ ತೆಗೆದುಕೊಂಡರು. ಗುಡಿಯ ಓಣಿ ದಾಟಿ ದೊಡ್ಡ ರಸ್ತೆ ಬಂದಾಗ, "ಎಲ್ಲಿಗೆ?" ಎಂದು ನನ್ನನ್ನು ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ನಾನು ಕಾಚಿಗೂಡದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಆ ಮೊದಲ ವರ್ಷ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಬೂದು ಗಾಡಿ ನಿಂತಿರುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಡ್ಯೂಟಿಗೆ ಬಂದವರ ಹಾಗೆ ಐದು ನಿಮಿಷ ಮೊದಲೇ ಬಂದಿರುತ್ತಿದ್ದರು. ಕಿಲೋಮೀಟರಿನ ಮಿತಿ ಇತ್ತಲ್ಲ, ಅದಕ್ಕೆ ಊರೊಳಗೆ ಸುಮ್ಮನೆ ತಿರುಗುತ್ತಿರಲಿಲ್ಲ. ಕೋಠಿಗೆ ಹೋದಾಗ ಗಾಡಿ ನಿಲ್ಲಿಸಲು ಜಾಗ ಸಿಗದೆ, ಇನ್ನೊಂದು ಸುತ್ತು ಬರೋಣ ಎಂದು ನಾನು ಅಂದರೆ ಒಪ್ಪುತ್ತಿರಲಿಲ್ಲ. "ಸುತ್ತು ಹಾಕೂದು ನನಗ ಸಾಕಾಗೈತಿ. ದೂರ ನಿಲ್ಲಿಸಿ ನಡದು ಬರೂಣು ನಡಿ."

ಉಳಿಸಿದ ಕಿಲೋಮೀಟರೆಲ್ಲ ದೂರದ ರಸ್ತೆಗೆ. ಬೀದರಿಗೆ ಹೋದೆವು, ಬಸವಕಲ್ಯಾಣಕ್ಕೆ ಹೋದೆವು, ಗಾಣಗಾಪುರಕ್ಕೆ ಹೋದೆವು. ಬೆಳಕು ಹರಿದ ಮೇಲೆ ಹೊರಡುವುದು, ಸೂರ್ಯ ಇಳಿಯುವ ಮೊದಲು ಎಲ್ಲಿದ್ದರಲ್ಲಿ ಉಳಿಯುವುದು. ನಾನು ಎಡಗಡೆ ಕೂತು ಹೊರಗೆ ನೋಡುತ್ತಿದ್ದೆ. ಕಬ್ಬಿನ ಗದ್ದೆ, ಹಳದಿ ಹೂ ಬಿಟ್ಟ ತೊಗರಿ, ಕೆಂಪು ಮಣ್ಣಿನ ಗುಡ್ಡ, ದೂರದಲ್ಲಿ ಒಬ್ಬಳೇ ನಡೆಯುತ್ತಿರುವ ಹೆಂಗಸು. ಇವರು ಗುನುಗುತ್ತಿದ್ದರು. ಯಾವ ಹಾಡೂ ಅಲ್ಲ, ಇಂಜಿನ್ನಿನ ಶ್ರುತಿಗೆ ಹೊಂದಿಸಿಕೊಂಡ ಒಂದು ಸ್ವರ. ಗೇರು ಬದಲಾದಾಗ ಆ ಸ್ವರವೂ ಬದಲಾಗುತ್ತಿತ್ತು. ಮನೆಯಲ್ಲಿ ಅವರು ಗುನುಗಿದ್ದನ್ನು ನಾನು ಕೇಳಿದ್ದೇ ಇಲ್ಲ.

ಒಂದು ಸಲ ಸಮುದ್ರಕ್ಕೆ ಹೋದೆವು. ಗುಂಟೂರಿನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಬಾಪಟ್ಲ ದಾಟಿ ಮುಂದೆ ಹೋದರೆ ರಸ್ತೆ ಮರಳಿನಲ್ಲಿ ಮುಗಿಯಿತು. ಇವರು ಇಳಿದು ಬಾನೆಟ್ಟಿನ ಮೇಲೆ ಕೈಯೂರಿ ನಿಂತರು. ಸಮುದ್ರಕ್ಕಿಂತ ಹೆಚ್ಚಾಗಿ ಬಂದ ದಾರಿಯನ್ನೇ ತಿರುಗಿ ತಿರುಗಿ ನೋಡಿದರು.

"ಮನಿಯಿಂದ ಇಲ್ಲೀತನಕ ನಾನs ಬಂದ್ನಿ ನೋಡು. ಇನ್ನ ಮುಂದ ರಸ್ತಾನs ಇಲ್ಲ" ಎಂದು ನಕ್ಕರು.

ಅದಕ್ಕಿಂತ ಹೆಚ್ಚಿನ ಸುಖದಲ್ಲಿ ಅವರನ್ನು ನಾನು ಕಂಡಿಲ್ಲ.

ಗಾಡಿ ಬಂದ ಆರು ತಿಂಗಳಿಗೆ ಪರೀಕ್ಷೆಗೆ ತಪ್ಪದೆ ಹೋದೆವು. ಹಾಗೇ ಇದೆ ಎಂದರು. ವರ್ಷಕ್ಕೆ ಹೋಗಬೇಕಾದದ್ದನ್ನು ಇವರು ಮುಂದೂಡಿದರು. ಮೊದಲು ದಸರಾ ಆಗಲಿ ಎಂದರು, ಆಮೇಲೆ ಮಗಳ ಮನೆಯ ಕಾರ್ಯಕ್ರಮ ಆಗಲಿ ಎಂದರು. ನಾನು ಒತ್ತಾಯ ಮಾಡಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಕ್ರಾಸಿನಲ್ಲಿ ಇವರು ಕಣ್ಣಿನ ಬದಲು ಇಡೀ ತಲೆಯನ್ನೇ ಹೊರಳಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಮನೆಯಲ್ಲಿ ಅಡಿಗೆ ಕೋಣೆಯ ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಲೋಟ ಇಟ್ಟರೆ ಮೇಜಿನ ಅಂಚಿನಲ್ಲಿ ಇಡುತ್ತಿದ್ದರು. ಗಾಡಿಯಲ್ಲಿ ಆ ಗುನುಗು ನಿಂತುಹೋಗಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇನ್ನೊಂದು ಸಲ ಬೀದರಿಗೆ ಹೋಗಿ ಬಂದುಬಿಡೋಣ, ಆಮೇಲೆ ಡಾಕ್ಟರ್ ಎಂದು ನಾನೂ ಮನಸ್ಸಿನಲ್ಲೇ ದಿನ ತಳ್ಳುತ್ತಿದ್ದೆ. ರಸ್ತೆಯ ಮೇಲೆ ಬೇರೆಯವರೂ ಇರುತ್ತಾರೆ ಎಂಬುದನ್ನು ಮರೆತಿದ್ದೆವು, ಅಥವಾ ಮರೆತಂತೆ ಇದ್ದೆವು.

ಹದಿನೈದನೆಯ ತಿಂಗಳಲ್ಲಿ ಅದು ಆಯಿತು. ಶಾಲೆ ಬಿಟ್ಟಿತ್ತು. ಕಾಚಿಗೂಡ ಸ್ಟೇಷನ್ನಿನ ಕಡೆಯ ರಸ್ತೆಯಲ್ಲಿ ನಿಧಾನವಾಗಿ ಬರುತ್ತಿದ್ದೆವು. ಎಡಗಡೆಯ ಓಣಿಯಿಂದ ಒಬ್ಬ ಹೆಂಗಸು ಪೇರಲ ಹಣ್ಣಿನ ತಳ್ಳುಗಾಡಿ ದೂಡಿಕೊಂಡು ಬಂದಳು. ನನಗೆ ಚೆನ್ನಾಗಿ ಕಂಡಿತು. ಇವರಿಗೂ ಕಂಡಿರುತ್ತದೆ ಎಂದುಕೊಂಡೆ. ಗಾಡಿಯ ವೇಗ ಇಳಿಯಲಿಲ್ಲ. "ರೀ!" ಎಂದು ನಾನು ಕೂಗುವುದಕ್ಕೂ ತಗಡು ಉಜ್ಜಿದ ಸದ್ದು ಕೇಳುವುದಕ್ಕೂ ಸರಿಹೋಯಿತು.

ದೇವರು ದೊಡ್ಡವನು, ಆಕೆಗೆ ಏನೂ ಆಗಲಿಲ್ಲ. ತಳ್ಳುಗಾಡಿ ಅಡ್ಡ ತಿರುಗಿ ನಿಂತಿತ್ತು. ಪೇರಲ ಹಣ್ಣುಗಳು ರಸ್ತೆ ತುಂಬ ಉರುಳುತ್ತಿದ್ದವು, ಆಟೋದವರು ಅವುಗಳ ಮೇಲೆಯೇ ಹೋಗುತ್ತಿದ್ದರು. ಇವರು ಇಳಿದು ಓಡಿದರು. ಆಕೆ ಸೊಂಟಕ್ಕೆ ಕೈಯಿಟ್ಟು ತೆಲುಗಿನಲ್ಲಿ ಬೈದಳು. "ಕನಪಡಟಲೇದಾ ಅನ್ನಾ?" ಕಾಣುವುದಿಲ್ಲವೇನಣ್ಣ ಎಂದು. ಈ ಊರಿನ ರಸ್ತೆಯಲ್ಲಿ ದಿನಕ್ಕೆ ಸಾವಿರ ಸಲ ಯಾರೋ ಯಾರಿಗೋ ಬೈಯುವ ಮಾತು ಅದು. ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ.

ಇವರು ಕೊಟ್ಟರು. "ಲೇದಮ್ಮಾ. ಕನಪಡಟಲೇದು" ಎಂದರು.

ಇಲ್ಲಮ್ಮ, ಕಾಣುವುದಿಲ್ಲ. ನಮ್ಮಿಬ್ಬರನ್ನು ಬಿಟ್ಟು ಹೊರಗಿನವರಿಗೆ ಅವರು ಆ ಮಾತನ್ನು ಹೇಳಿದ್ದು ಅದೇ ಮೊದಲು. ಆಕೆ ಬೈಗುಳ ನಿಲ್ಲಿಸಿ ಇವರ ಮುಖವನ್ನೇ ನೋಡಿದಳು. ಆಮೇಲೆ ಮೂವರೂ ಬಾಗಿ ಬಾಗಿ ಹಣ್ಣು ಆಯ್ದೆವು. ಹಾಳಾದ ಹಣ್ಣಿನ ಬೆಲೆಗಿಂತ ಹೆಚ್ಚು ಕೊಟ್ಟರೆ ಆಕೆ ತೆಗೆದುಕೊಳ್ಳಲಿಲ್ಲ. ಲೆಕ್ಕ ಹಾಕಿ ಅಷ್ಟನ್ನೇ ಇಟ್ಟುಕೊಂಡಳು. ಹೋಗುವಾಗ ನನ್ನ ಕಡೆ ತಿರುಗಿ, ಹುಷಾರು ಅಕ್ಕಾ ಎಂದಳು.

ನಾನು ಒಳಗೆ ಕೂತ ಮೇಲೆ ಇವರು ಗಾಡಿಯ ಎಡಗಡೆಗೆ ಬಂದು, ಬಾಗಿಲು ತೆಗೆದು, ಬೀಗದ ಕೈಯನ್ನು ನನ್ನ ಮಡಿಲಲ್ಲಿ ಇಟ್ಟರು. ಮನೆಯವರೆಗೂ ಓಡಿಸಲು ಒಪ್ಪಲಿಲ್ಲ. ನನಗೆ ಓಡಿಸಲು ಬರುತ್ತಿರಲಿಲ್ಲ. ನಮ್ಮ ಶಾಲೆಯ ಬಸ್ಸಿನ ಚಾಲಕರನ್ನು ಕರೆದು ಗಾಡಿಯನ್ನು ಶಾಲೆಯ ಕಾಂಪೌಂಡಿನಲ್ಲಿ ನಿಲ್ಲಿಸಿ, ನಾವು ಆಟೋದಲ್ಲಿ ಮನೆಗೆ ಹೋದೆವು. ಮರುದಿನ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಗುಂಡಿಯ ಸದ್ದು ಬಹಳ ಕಡಿಮೆ ಬಂತು. ಡಾಕ್ಟರು ಸಾಕು ಎಂದರು.

ಮಗಳಿಗೆ ಹೇಳಲೇಬೇಕಾಯಿತು. ಅವಳು ಸಿಟ್ಟಿನಿಂದ ಅತ್ತಳು. ಅಪ್ಪನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನದು ಹೆಚ್ಚಾಗಿತ್ತು, ಅದು ನ್ಯಾಯವೇ. ಮೈದುನ ಬೀದರಿನಿಂದ ಮೊದಲ ಬಸ್ಸಿಗೇ ಬಂದು, ಅಣ್ಣನ ಎದುರಿಗೆ ಕೂತ. "ಹದಿನೈದು ವರ್ಷ ಅಂದಿದ್ನೆಲ್ಲೋ ಅಣ್ಣಾ ನಾನು. ನನಗರ ಹೇಳಬೇಕಿತ್ತು" ಎಂದ.

ಬಾಡಿಗೆಯ ಅವಧಿ ಇನ್ನೂ ಒಂಬತ್ತು ತಿಂಗಳಿತ್ತು. ದಂಡ ಕಟ್ಟಿ ಮರಳಿಸಿಬಿಡಿ ಎಂದಳು ಮಗಳು. ನಾನು ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಐವತ್ತೈದು ದಾಟಿದ ನಾನು ಡ್ರೈವಿಂಗ್ ಕಲಿಯುತ್ತೇನೆ ಎಂದೆ.

"ನನ್ನ ಸಲುವಾಗಿ ಬ್ಯಾಡ" ಎಂದರು ಇವರು.

"ನಿಮ್ಮ ಸಲುವಾಗಿ ಅಲ್ರಿ. ಸುಮ್ನ ಬಾಡಿಗಿ ತುಂಬಾಕತ್ತೀವಿ" ಎಂದೆ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಕಲಿಸಲು ಬಂದಾಕೆ ಮಲಕಪೇಟೆಯ ಒಬ್ಬ ಗಟ್ಟಿ ಹೆಂಗಸು, ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಚಿ ಕೂರುತ್ತಿದ್ದಳು. ತನ್ನದೇ ಕಲಿಕೆಯ ಗಾಡಿ ತರುತ್ತಿದ್ದಳು. "ಡರೋ ನಕ್ಕೋ ಅಮ್ಮಾ, ಆರಾಮ್ ಸೆ" ಎನ್ನುತ್ತಿದ್ದಳು, ಹೆದರಬೇಡಮ್ಮ, ನಿಧಾನ ಎಂದು. ನಾನು ಹೆದರುತ್ತಿದ್ದೆ. ಕ್ಲಚ್ ಬಿಟ್ಟರೆ ಗಾಡಿ ಕುಪ್ಪಳಿಸಿ ನಿಲ್ಲುತ್ತಿತ್ತು, ಹಿಂದಿನವರು ಹಾರ್ನ್ ಹೊಡೆದರೆ ಗೇರು ತಪ್ಪುತ್ತಿತ್ತು. ಇವರು ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು. ಬೈಯುತ್ತಿರಲಿಲ್ಲ. ಒಮ್ಮೊಮ್ಮೆ, "ಮೂರಕ್ಕ ಹಾಕು, ಗಾಡಿ ಕೇಳಾಕತ್ತೈತಿ" ಎನ್ನುತ್ತಿದ್ದರು. ಸದ್ದಿನಲ್ಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು. ನನಗೆ ಲೈಸೆನ್ಸ್ ಬರುವ ಹೊತ್ತಿಗೆ ಲೀಸಿನಲ್ಲಿ ಉಳಿದದ್ದು ಎರಡೋ ಮೂರೋ ತಿಂಗಳು. ಆಗ ಬೂದು ಗಾಡಿಯನ್ನು ನಾನು ಓಡಿಸಿದೆ, ಇವರು ಎಡಗಡೆ ಕೂತರು.

ಅವಧಿ ಮುಗಿಯುತ್ತಾ ಬಂದಾಗ ಅದೇ ಮಾರಾಟದ ಹುಡುಗಿ ಫೋನ್ ಮಾಡಿದಳು. ಮರಳಿಸುತ್ತೀರಾ, ಮುಂದುವರಿಸುತ್ತೀರಾ, ಕೊಂಡುಕೊಳ್ಳುತ್ತೀರಾ ಎಂದು ಕೇಳಿದಳು. ನನಗೆ ಕೊಂಡುಕೊಳ್ಳುವ ಆಸೆ. ಕೈ ಕುದುರಿತ್ತು, ಗಾಡಿಯ ಗುಣ ತಿಳಿದಿತ್ತು.

"ಇದು ಬ್ಯಾಡ" ಎಂದರು ಇವರು. "ನಿನಗ ಬೇಕಂದ್ರ ಬ್ಯಾರೆ ತಗೊ. ಇದು ನಂದಾಗಿತ್ತು."

ಪುಸ್ತಕದಲ್ಲಿ ಒಂದು ದಿನವೂ ಅವರ ಹೆಸರಿರಲಿಲ್ಲ. ಆದರೂ ನಾನು ಆ ಹುಡುಗಿಗೆ ಫೋನ್ ಮಾಡಿ, ಮರಳಿಸುತ್ತೇವೆ ಎಂದೆ.

ಮೇಡ್ಚಲ್ ರಸ್ತೆಯಲ್ಲಿ ಊರ ಹೊರಗೆ ಕಂಪನಿಯ ಬಯಲು. ನಾನೇ ಓಡಿಸಿಕೊಂಡು ಹೋದೆ. ಅಲ್ಲಿಯವನು ಫೋನ್ ಹಿಡಿದು ಗಾಡಿಯ ಸುತ್ತ ತಿರುಗಿ ಪ್ರತಿ ಗೀರಿನ ಚಿತ್ರ ತೆಗೆದ. ಎಡಗಡೆಯ ಉದ್ದ ಗೀರಿಗೆ ಹಣ ಹಿಡಿಯುತ್ತೇವೆ ಎಂದ, ನಾವು ಸರಿ ಎಂದೆವು. ರುಜು ಹಾಕಿದ ಮೇಲೆ ಇವರು ಅವನನ್ನು, ಒಂದು ನಿಮಿಷ ಕೂತುಕೊಳ್ಳಬಹುದಾ ಎಂದು ಹಿಂದಿಯಲ್ಲಿ ಕೇಳಿದರು. ಬಲಗಡೆಯ ಬಾಗಿಲು ತೆಗೆದು ಕೂತರು. ನಾನು ಮುಂದೆ ಎಳೆದುಕೊಂಡಿದ್ದ ಸೀಟನ್ನು ತಮ್ಮ ಕಾಲಿನ ಅಳತೆಗೆ ಹಿಂದಕ್ಕೆ ಸರಿಸಿದರು. ಒಳಗನ್ನಡಿಯನ್ನು ತಿರುಗಿಸಿಕೊಂಡರು. ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು, ಇಂಜಿನ್ ಹಚ್ಚದೆ, ಎದುರಿಗೆ ಕಾಣುವಷ್ಟನ್ನು ನೋಡುತ್ತಾ ಕೂತರು. ಅಲ್ಲಿಯವನು ಮೆಲ್ಲಗೆ ದೂರ ಸರಿದು ಬೇರೆ ಕಡೆ ನೋಡುತ್ತಾ ನಿಂತ. ಇಳಿದು ಬಂದು, "ನಡಿ" ಎಂದರು. ಬಸ್ಸಿನಲ್ಲಿ ಮನೆಗೆ ಬಂದೆವು. ಚಾಲಕನ ಹಿಂದಿನ ಸೀಟು ಖಾಲಿಯಿತ್ತು. ಇವರು ಅಲ್ಲಿ ಕೂರಲಿಲ್ಲ.

ಆಮೇಲೆ ಆರೇಳು ತಿಂಗಳು ಮನೆಯಲ್ಲಿ ಗಾಡಿಯ ಸುದ್ದಿಯೇ ಇಲ್ಲ. ಒಂದು ದಿನ ಉಪ್ಪಿಟ್ಟು ತಿನ್ನುತ್ತಾ ಇವರೇ, "ಒಂದು ಸಣ್ಣದು ನೋಡೂಣೇನು, ನಿನಗ?" ಎಂದರು. ಈ ಸಲ ಯಾರನ್ನೂ ಕೇಳಲಿಲ್ಲ. ಕಂತಿಲ್ಲ, ಲೀಸಿಲ್ಲ. ಮಲಕಪೇಟೆಯ ಹಳೆ ಕಾರಿನ ಅಂಗಡಿಗೆ ಹೋದೆವು. ಇವರು ಒಂದೊಂದೇ ಗಾಡಿಯ ಬಾನೆಟ್ ಎತ್ತಿಸಿ, ಇಂಜಿನ್ ಹಚ್ಚಿಸಿ, ತಲೆ ವಾಲಿಸಿ ಕೇಳಿದರು. ಐದನೆಯದಕ್ಕೆ ಹೂಂ ಎಂದರು. ನನ್ನ ಉಳಿತಾಯದಿಂದ ಪೂರ್ತಿ ಹಣ ಕೊಟ್ಟೆವು. ಪುಸ್ತಕದಲ್ಲಿ ನನ್ನ ಹೆಸರು.

ಈಗ ನಾನು ಓಡಿಸುತ್ತೇನೆ. ಚೆನ್ನಾಗಿಯೇ ಓಡಿಸುತ್ತೇನೆ ಎನ್ನುತ್ತಾರೆ. ಆದರೆ ಓಡಿಸುವವರಿಗೆ ಹೊಲ ಕಾಣುವುದಿಲ್ಲ. ಮುಂದಿನ ಲಾರಿ, ಹಿಂದಿನ ಬೈಕು, ರಸ್ತೆಯ ಗುಂಡಿ. ಅದೇ ಬೀದರ್ ದಾರಿಯಲ್ಲಿ ತೊಗರಿ ಈಗಲೂ ಹೂ ಬಿಡುತ್ತದಂತೆ, ನಾನು ನೋಡಿಲ್ಲ. ಇವರು ತಲೆ ಹೊರಳಿಸಿ, ಸಂದಿಯಿಂದ ನೋಡುವವರ ಹಾಗೆ ಸ್ವಲ್ಪ ಸ್ವಲ್ಪವೇ ನೋಡಿ ನನಗೆ ಹೇಳುತ್ತಾರೆ. ನನಗೆ ಬೇಕಾದದ್ದು ಅದಲ್ಲ. ಏನೂ ಮಾಡದೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ಆ ಒಂದೇ ಸ್ವರ ಕೇಳುತ್ತಾ, ಎಲ್ಲಿಗೆ ಹೋಗುತ್ತಿದ್ದೇವೆಂದೂ ಕೇಳದೆ ಕೂರುವುದು ಬೇಕು. ಹದಿನೈದು ತಿಂಗಳು ನನಗೆ ಅದು ಸಿಕ್ಕಿತ್ತು. ಯಾವ ಅಂಗಡಿಯಲ್ಲೂ ಅದಕ್ಕೆ ಕಾಗದವಿಲ್ಲ.

ಮೊನ್ನೆ ಬೀದರಿಗೆ ಹೊರಟಾಗ ಸಂಗಾರೆಡ್ಡಿ ದಾಟುವ ಹೊತ್ತಿಗೆ ಇವರು ನಿದ್ದೆ ಹೋದರು. ಎಚ್ಚರವಾಗಿ, "ಸರಿ ಇತ್ತಾಗ, ನಾ ಹೊಡೀತೀನಿ" ಎಂದು ಹೇಳಲಿ ಎಂದು ಒಂದು ಗಳಿಗೆ ಎಷ್ಟು ಆಸೆಯಾಯಿತೆಂದರೆ, ನನ್ನ ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು. ಒಗ್ಗರಣೆ ಹಾಕಿದ ಚುರುಮುರಿ ಮಾರುವ ಅಂಗಡಿಯ ಹತ್ತಿರ ರಸ್ತೆಯ ಉಬ್ಬು ಬಂತು, ಇವರಿಗೆ ಎಚ್ಚರವಾಯಿತು.

"ಎಲ್ಲಿಗೆ ಬಂದ್ವಿ?" ಎಂದರು.

"ಜಹೀರಾಬಾದ್ ಇನ್ನ ದೂರ ಐತ್ರಿ. ಚುರುಮುರಿ ತಿಂತೀರೇನು?" ಎಂದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ.

"ತಿನ್ನೂಣು. ಖಾರ ಭಾಳ ಬ್ಯಾಡ ಅನ್ನು" ಎಂದು, ಬಾಗಿಲಿನ ಹಿಡಿಕೆಯನ್ನು ಕೈಯಿಂದ ತಡವಿ ಹುಡುಕತೊಡಗಿದರು.